ಮೂರು ತಲೆಮಾರು, ಒಂದೇ ತಾಳ: ಗಾಂಧಿ ಬಜಾರಿನ ಒಂದು ಸಂಗೀತ ಕ್ಲಾಸ್

ಬೆಂಗಳೂರಿನ ಗಾಂಧಿ ಬಜಾರ್ ಹಿಂದಿನ ರಸ್ತೆಯಲ್ಲಿ ಒಂದು ಮನೆ. ಬೋರ್ಡು ಇಲ್ಲ. ಶನಿವಾರ ಸಾಯಂಕಾಲ ಮೇಲಿನ ಮಹಡಿಯಲ್ಲಿ ಕರ್ನಾಟಕ ಸಂಗೀತದ ಪಾಠ ನಡೆಯುತ್ತದೆ, ಷರತ್ತು ಒಂದೇ: ಒಂದು ಮನೆಯಿಂದ ಕನಿಷ್ಠ ಎರಡು ತಲೆಮಾರು ಬರಬೇಕು. ಮಗುವನ್ನು ಮೇಲೆ ಕಳಿಸಿ ಕೆಳಗೆ ಮೊಬೈಲ್ ನೋಡ್ತಾ ಕೂರುವ ಹಾಗಿಲ್ಲ. ನಮ್ಮ ಮನೆಯಿಂದ ಅಮ್ಮ, ನಾನು, ಮಗಳು ಹೋಗುತ್ತೇವೆ.

ಪಾಠ ಎಲ್ಲ ಕಡೆಯ ಹಾಗೇ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದಲೇ (ಸ್ವರಗಳನ್ನು ಸಾಲಾಗಿ ಹತ್ತಿ ಇಳಿಯುವ ಮೊದಲ ಅಭ್ಯಾಸ) ಶುರು. ಆದರೆ ಮೇಷ್ಟ್ರು ಮೂರು ಕಾಲವನ್ನೂ, ಅಂದರೆ ಒಂದಕ್ಕಿಂತ ಒಂದು ಎರಡರಷ್ಟು ಜೋರಾದ ಮೂರು ವೇಗವನ್ನೂ, ಒಟ್ಟಿಗೆ ಹಾಡಿಸುತ್ತಾರೆ. ಹಿರಿಯರಿಗೆ ಒಂದನೇ ಕಾಲ, ನಮಗೆ ಎರಡನೇದು, ಮಕ್ಕಳಿಗೆ ಮೂರನೇದು. ಅಮ್ಮ ತಾಳದ ಒಂದು ಆವರ್ತದಲ್ಲಿ, ಅಂದರೆ ಒಂದು ಸುತ್ತಿನಲ್ಲಿ, ನಿಧಾನವಾಗಿ ಮೇಲಿನ ಷಡ್ಜಕ್ಕೆ ('ಸ'ಕ್ಕೆ) ಹತ್ತುವಷ್ಟರಲ್ಲಿ ಮಗಳು ಎರಡು ಸಲ ಹತ್ತಿ ಇಳಿದಿರುತ್ತಾಳೆ, ಆಮೇಲೆ ಮುಂದಿನ ತಟ್ಟಿಗೆ ಇಬ್ಬರ ಬಾಯಲ್ಲೂ 'ಸ', ಒಬ್ಬರದು ಮೇಲಿನದು, ಇನ್ನೊಬ್ಬರದು ಕೆಳಗಿನದು! ಮಕ್ಕಳು ತಾಳ ಬಿಟ್ಟು ಓಡುವುದು ಗೊತ್ತಲ್ವಾ, ಇಲ್ಲಿ ಓಡಿದರೆ ಸಿಕ್ಕಿಬೀಳುತ್ತಾರೆ. ಅದಕ್ಕೇ ನನ್ನ ಮಗಳು ಅಜ್ಜಿಯ ಕೈಯನ್ನೇ ನೋಡ್ತಾ ಹಾಡುತ್ತಾಳೆ. ನಾನು ಎಷ್ಟು ಹೇಳಿದರೂ ಕೇಳದವಳು.

ಉಲ್ಟಾ ಕೂಡ ನಡೆಯುತ್ತದೆ. ಮಲಹರಿ ರಾಗದ ಗೀತೆಯಲ್ಲಿ ಅಮ್ಮನಿಗೆ ಸಾಲು ಮರೆತರೆ ಮಗಳು ಪಿಸುಗುಟ್ಟುತ್ತಾಳೆ. ಅಮ್ಮ ಬೇಜಾರಿಲ್ಲದೆ ತಿದ್ದಿಕೊಳ್ಳುತ್ತಾರೆ, ಅದೇ ನಾನು ಹೇಳಿದ್ದರೆ ಮುಖ ಊದುತ್ತಿತ್ತು. ದಾಸರ ಪದಕ್ಕೆ ಬಂದಾಗ ಅರ್ಥ ಹೇಳುವ ಕೆಲಸ ಮತ್ತೆ ಅಜ್ಜಿಯದೇ. ಈಗ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಸುಮ್ನೆ ಕೂತು ತಾಳ ಹಾಕುತ್ತಾರೆ, ಮೊದಲು ಊಟದ ಹೊತ್ತಲ್ಲಿ ಬಿಟ್ಟರೆ ಇಬ್ಬರಿಗೂ ಜಾಸ್ತಿ ಮಾತೇ ಇರಲಿಲ್ಲ.

ತೊಂದರೆ ಇರುವುದು ಶ್ರುತಿಯಲ್ಲಿ. ಹೆಂಗಸರು, ಮಕ್ಕಳೇ ಜಾಸ್ತಿ ಅಂತ ಹಾಡಿಗೆ ಆಧಾರ ಸ್ವರ ಕೊಡುವ ಶ್ರುತಿಪೆಟ್ಟಿಗೆಯನ್ನು ಐದಕ್ಕೆ, ಅಂದರೆ ಎತ್ತರದ ಶ್ರುತಿಗೆ, ಇಡುತ್ತಾರೆ. ಒಂದು, ಒಂದೂವರೆಯ ತಗ್ಗಿನ ಶ್ರುತಿಯಲ್ಲಿ ಆರಾಮಾಗಿ ಹಾಡುವ ತಾತಂದಿರು ಮೇಲೂ ಹೋಗದೆ ಕೆಳಗೂ ಇಳಿಯದೆ ಒದ್ದಾಡುತ್ತಾರೆ. ದನಿ ಒಡೆಯುತ್ತಿರುವ ಹುಡುಗರ ಪಾಡಂತೂ ಕೇಳಬೇಡಿ. ಗಂಡಸರಿಗೆ ಅರ್ಧ ಗಂಟೆ ಬೇರೆ ಕೂರಿಸಿ ಅಂತ ಹೇಳಿದ್ದೇವೆ, ಇನ್ನೂ ಆಗಿಲ್ಲ. ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ. ಮಂಡಿನೋವಿದ್ದವರು ಮೊದಲೇ ಯೋಚಿಸಿ.

ಮಗು ಬೇಗ ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಬೇಕು ಅನ್ನುವವರಿಗೆ ಈ ವೇಗ ಸಾಲದು, ಬೇರೆ ಕಡೆ ನೋಡಿ. ಕಾರು ತರಬೇಡಿ, ಶನಿವಾರ ಅಲ್ಲಿ ಜಾಗ ಸಿಗಲ್ಲ. ನ್ಯಾಷನಲ್ ಕಾಲೇಜ್ ಮೆಟ್ರೊದಲ್ಲಿ ಇಳಿದು ಆಟೋ ಹಿಡಿಯುವುದೇ ವಾಸಿ.