ಪ್ಯಾರಿಸ್ ಫೈನಲ್ 2022: ಪ್ರೇಕ್ಷಕರ ವ್ಯವಸ್ಥೆಗೆ ಐದರಲ್ಲಿ ಒಂದೇ ನಕ್ಷತ್ರ

2022ರ ಮೇ 28ರ ಚಾಂಪಿಯನ್ಸ್ ಲೀಗ್ (ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಟೂರ್ನಿ) ಫೈನಲ್‌ಗೆ ಹೋದ, ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಅಭಿಮಾನಿಗಳಿಗೆ ಸಿಕ್ಕ ವ್ಯವಸ್ಥೆ ತೀರಾ ಕಳಪೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಡೆಯಬೇಕಿದ್ದ ಪಂದ್ಯವನ್ನು ಪ್ಯಾರಿಸ್ ಬಳಿಯ ಸ್ತಾದ್ ದ ಫ್ರಾನ್ಸ್ ಸ್ಟೇಡಿಯಂಗೆ ತಂದಾಗ ಉಳಿದದ್ದು ಮೂರೇ ತಿಂಗಳು, ನಿಜ. ಆದರೆ ರೈಲು ಮುಷ್ಕರವಿದ್ದ ದಿನ ಜನ ಇನ್ನೊಂದು ಮಾರ್ಗದ ನಿಲ್ದಾಣಕ್ಕೆ ತಿರುಗುತ್ತಾರೆಂದು ಊಹಿಸಲು ಅಷ್ಟು ಸಮಯ ಸಾಕಿತ್ತು. ಅವರೆಲ್ಲ ಹೆದ್ದಾರಿ ಕೆಳಗಿನ ಇಕ್ಕಟ್ಟು ದಾರಿಗೆ ಬಂದರು; ಟಿಕೆಟ್ ತಪಾಸಣೆಯೂ ಅಲ್ಲೇ. ಮುಂದೆ ತಡೆ, ಹಿಂದಿನಿಂದ ನೂಕು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಕಾಲ್ತುಳಿತ ಹುಟ್ಟುವುದೇ ಹೀಗೆ. ಆಮೇಲೆ ಗೇಟು ಮುಚ್ಚಿದರು, ಮಕ್ಕಳಿದ್ದ ಗುಂಪಿನತ್ತ ಅಶ್ರುವಾಯು ಬಿಟ್ಟರು. ಪಂದ್ಯ ಅರ್ಧ ಗಂಟೆಗೂ ಮೀರಿ ತಡವಾಯಿತು. ತಪ್ಪನ್ನು ಮೊದಲು 'ತಡವಾಗಿ ಬಂದ' ಅಭಿಮಾನಿಗಳ ತಲೆಗೇ ಕಟ್ಟಿದ್ದು ಅಕ್ಷಮ್ಯ. 2023ರ ಸ್ವತಂತ್ರ ವರದಿ ಮುಖ್ಯ ಹೊಣೆ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಎಫಾದ್ದೇ ಎಂದಿತು. ಲಿವರ್‌ಪೂಲಿನ 19,618 ಟಿಕೆಟ್‌ಗಳಿಗೆ ಹಣ ವಾಪಸು ಘೋಷಿಸಿದ್ದಕ್ಕೆ ಆ ಒಂದು ನಕ್ಷತ್ರ.

ಕಾರವಾರದಿಂದ ಗೋವಾದ ಮಡಗಾಂವ್‌ನ ಫಟೋರ್ಡಾ ಸ್ಟೇಡಿಯಂಗೆ ಫುಟ್‌ಬಾಲ್ ಫೈನಲ್ ನೋಡಲು ಹೊರಡುವವರು ಇದನ್ನು ನೆನಪಿಡಬೇಕು. ಮಡಗಾಂವ್ ರೈಲಿನಲ್ಲಿ ಸುಮಾರು ಒಂದು ಗಂಟೆ, ಹೋಗುವುದು ಸಲೀಸು. ಬರುವುದೇ ಕಷ್ಟ: 2022, 2023ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ಗಳೆರಡೂ ಅಲ್ಲಿ ಸಮಬಲವಾಗಿ ಪೆನಾಲ್ಟಿಗೆ ಹೋದವು, ಸಂಜೆ 7.30ರ ಆಟ ಹಾಗಾದರೆ ರಾತ್ರಿ 10 ದಾಟುತ್ತದೆ. ವಾಪಸಿನ ಟೆಂಪೋ ಮೊದಲೇ ಗೊತ್ತುಮಾಡಿ, ಗೋವಾ ಪರ್ಮಿಟ್ ಇದೆಯೇ ಎಂದು ಕೇಳಿ. ಸ್ಟೇಡಿಯಂ ಬಾಗಿಲಿಗೆ ಎರಡು ತಾಸು ಮುಂಚೆ ತಲುಪಿ. ಸಾಲು ಇಕ್ಕಟ್ಟಾಗುತ್ತಿದೆ ಅನ್ನಿಸಿದರೆ ಮುಂದೆ ನುಗ್ಗದೆ ಅಂಚಿಗೆ ಸರಿಯಿರಿ.