ಗೂಟ, ಓರೆ ಸ್ಕ್ರೂ, ಬಿಸ್ಕಿಟ್: ಮೂರನ್ನೂ ಮಾಡಿ ನೋಡಿದೆ

ಮೊಳೆ ಹೊಡೆದು ಮಾಡಿದ್ದ ನನ್ನ ಹಳೇ ಕಪಾಟು ಎರಡೇ ವರ್ಷಕ್ಕೆ ಒಂದು ಕಡೆ ವಾಲಿತ್ತು. ಮಗಳ ಪುಸ್ತಕಕ್ಕೆ ಹೊಸದು ಮಾಡಬೇಕು, ಈ ಸಲ ಮೊಳೆ ಬೇಡ ಅಂದುಕೊಂಡೆ. ಕಲಬುರಗಿಯ ನಮ್ಮ ಮನೆ ಹಿಂದಿನ ಪತ್ರಾಸಿನ ಶೆಡ್ಡಿನಲ್ಲಿ ಕೂತು, ಉಳಿದಿದ್ದ 18 ಎಂಎಂ ಪ್ಲೈವುಡ್ ತುಂಡುಗಳಲ್ಲಿ ಮೂರು ಥರದ ಮೂಲೆ ಜೋಡಿಸಿ ನೋಡಿದೆ.

ಮೊದಲು ಮರದ ಗೂಟ. 8 ಎಂಎಂ ಗೂಟಕ್ಕೆ ಎರಡೂ ಹಲಗೆಯಲ್ಲಿ ಎದುರುಬದುರು ತೂತು ಕೊರೆದು, ಫೆವಿಕಾಲ್ ಹಾಕಿ ಬಡಿಯುವುದು. ಖರ್ಚು ಕಡಿಮೆ, ಡ್ರಿಲ್ ಇದ್ದರೆ ಸಾಕು. ಆದರೆ ಗುರುತು ಕೂದಲೆಳೆ ತಪ್ಪಿದರೂ ಕೆಲಸ ಕೆಟ್ಟಿತು. ಮೂರು ಗೂಟ ಸರಿಯಾಗಿ ಕೂತವು, ನಾಲ್ಕನೆಯದು ಕೂರಲಿಲ್ಲ. ಕೊಡತಿಯಿಂದ ಬಡಿದೆ. ಪ್ಲೈ ಪದರ ಬಿಟ್ಟು ಉಬ್ಬಿತು. ಅಲ್ಲಿಗೆ ಗೂಟದ ಆಸೆ ಮುಗಿಯಿತು.

ಓರೆ ಸ್ಕ್ರೂ, ಅಂದರೆ ಪಾಕೆಟ್ ಹೋಲ್, ಎಲ್ಲಕ್ಕಿಂತ ಬೇಗ ಆಗುತ್ತದೆ. ಜಿಗ್, ಅಂದರೆ ಡ್ರಿಲ್ಲನ್ನು ಓರೆಗೆ ನಡೆಸುವ ಅಚ್ಚು, ಕೂರಿಸಿ 15 ಡಿಗ್ರಿ ಓರೆಗೆ ಕೊರೆಯುವುದು, 32 ಎಂಎಂ ಸ್ಕ್ರೂ ಬಿಗಿಯುವುದು. ಅಂಟು ಒಣಗಲಿ ಅಂತ ಕಾಯಬೇಕಿಲ್ಲ. ಬಿಗಿಯುವಾಗ ಹಲಗೆ ಜಾರುತ್ತದೆ, ಕ್ಲಾಂಪ್ ಬೇಕೇ ಬೇಕು. ತೂತು ಮಾತ್ರ ಎದ್ದು ಕಾಣುತ್ತದೆ.

ಬಿಸ್ಕಿಟ್ ಜಾಯಿನರ್ ಕಥೆ ಬೇರೆ. ಸಣ್ಣ ದುಂಡು ಬ್ಲೇಡಿನ ಮಶೀನು. ಹಲಗೆಯ ಅಂಚಿಗೆ ಒತ್ತಿ ದೂಡಿದರೆ 4 ಎಂಎಂ ಅಗಲದ ಸೀಳು ಬೀಳುತ್ತದೆ. ಎರಡೂ ಹಲಗೆಯಲ್ಲಿ ಎದುರುಬದುರು ಸೀಳಿ, ನಡುವೆ ಬಾದಾಮಿ ಆಕಾರದ, ಬೀಚ್ ಮರವನ್ನು ಒತ್ತಿ ತೆಳ್ಳಗೆ ಮಾಡಿದ ಬಿಲ್ಲೆ ಕೂರಿಸಬೇಕು. ಈ ಬಿಲ್ಲೆಯೇ ಬಿಸ್ಕಿಟ್. ನಾನು ಬಳಸಿದ್ದು 20ನೇ ನಂಬರ್, 56 ಎಂಎಂ ಉದ್ದ. ಸೀಳು ಬಿಲ್ಲೆಗಿಂತ ಸ್ವಲ್ಪ ಉದ್ದ ಇರುತ್ತದೆ. ಹಾಗಾಗಿ ಗುರುತು ಒಂದೆರಡು ಎಂಎಂ ತಪ್ಪಿದರೂ ಹಲಗೆಯನ್ನು ಆಚೀಚೆ ಸರಿಸಿ ಹೊಂದಿಸಬಹುದು. ಗೂಟದ ಹತ್ತಿರ ಸೋತವನಿಗೆ ಇದೇ ದೊಡ್ಡದು.

ಓಣಿಯ ಬಡಿಗೇರ ಕಾಕಾ ಬಂದು ಬಿಲ್ಲೆ ಅಲ್ಲಾಡಿಸಿ ನೋಡಿದರು. "ಸಡ್ಲ ಅದಲ್ಲೋ ತಮ್ಮಾ, ಹ್ಯಾಂಗ ನಿಂದರ್ತದ?" ಅಂದರು. ಫೆವಿಕಾಲ್ ಹಾಕಿ ಕೂಡಿಸಿ, "ಹತ್ತು ನಿಮಿಷ ತಡೀರಿ ಕಾಕಾ" ಅಂದೆ. ಅಂಟಿನ ನೀರು ಕುಡಿದು ಬಿಲ್ಲೆ ಉಬ್ಬಿತು. ಆಮೇಲೆ ಅವರು ಎಳೆದರೂ ಅಲುಗಲಿಲ್ಲ. ಉಬ್ಬುವ ಮೊದಲೇ ಹೊಂದಿಸಿಬಿಡಬೇಕು, ನಮ್ಮ ಬಿಸಿಲಿನಲ್ಲಂತೂ ಸುಮ್ನೆ ನಿಂತರೆ ಕೆಟ್ಟಿತು.

ನಾನು ಕೊಂಡ ಅಗ್ಗದ ಮಶೀನಿನ ಫೆನ್ಸ್, ಅಂದರೆ ಹಲಗೆ ಮೇಲೆ ಕೂತು ಸೀಳಿನ ಎತ್ತರ ಹಿಡಿಯುವ ಪಟ್ಟಿ, ನೆಟ್ಟಗಿರಲಿಲ್ಲ. ಕೂಡಿಸಿದ ಹಲಗೆಗಳು ಒಂದು ಮೇಲೆ, ಒಂದು ಕೆಳಗೆ. ಕೊನೆಗೆ ಫೆನ್ಸನ್ನು ಮೇಲೆತ್ತಿ, ಹಲಗೆ, ಮಶೀನು ಎರಡನ್ನೂ ಶಹಾಬಾದ್ ಪರಸಿ ಕಲ್ಲಿನ ಮೇಲೆ ಇಟ್ಟು ದೂಡಿದೆ. ಕಲ್ಲು ಸಮ, ಸೀಳೂ ಸಮ. ನಮ್ಮ ಕಡೆ ಆ ಕಲ್ಲಿಗೇನು ಬರ?

ಇನ್ನೊಂದು ಪೆಟ್ಟೂ ತಿಂದೆ. ಸಾಗವಾನಿ ಹಲಗೆಗಳನ್ನು ಬಿಸ್ಕಿಟ್‌ನಿಂದ ಕೂಡಿಸಿ ಟೀಪಾಯಿ ಮಾಡಿ, ಮರುದಿನ ಬೆಳಿಗ್ಗೆಯೇ ಉಜ್ಜಿಬಿಟ್ಟೆ. ಒಂದು ವಾರಕ್ಕೆ ಒಳಗಿನ ಬಿಲ್ಲೆಗಳ ಮೇಲೆ ಸರಿಯಾಗಿ ಬಾದಾಮಿ ಆಕಾರದ ತಗ್ಗುಗಳು ಬಿದ್ದವು. ಅಂಟಿನ ನೀರಿಗೆ ಸುತ್ತಲ ಮರ ಉಬ್ಬಿರುತ್ತದೆ. ಆಗಲೇ ಉಜ್ಜಿದರೆ ಉಬ್ಬು ಸವೆದು, ಒಣಗಿದ ಮೇಲೆ ಕುಸಿಯುತ್ತದೆ. ಈಗ ನಾಲ್ಕೈದು ದಿನ ಬಿಡುತ್ತೇನೆ.

ಬಲ ನೋಡಲು ಅಂಟು ಒಣಗಿದ ಬಿಸ್ಕಿಟ್ ಮೂಲೆ, ಸ್ಕ್ರೂ ಮೂಲೆ ಎರಡನ್ನೂ ಕಾಲಿನಿಂದ ಒತ್ತಿದೆ. ಬಿಸ್ಕಿಟ್ ಮೂಲೆ ಮೊದಲು ಬಿಟ್ಟಿತು. ಬಿಲ್ಲೆ ಮುರಿಯಲಿಲ್ಲ, ಪ್ಲೈ ಪದರವೇ ಕಿತ್ತು ಬಂತು. ಸ್ಕ್ರೂ ಕಿರಗುಟ್ಟಿ ನಿಂತಿತು. ಹಾಗಾಗಿ ಹಿಂದೆ ಗೋಡೆ ಕಡೆ ಮರೆಯಾಗುವ ಕಡೆ ಓರೆ ಸ್ಕ್ರೂ, ಕಣ್ಣಿಗೆ ಬೀಳುವ ಕಡೆ ಬಿಸ್ಕಿಟ್. ಕಪಾಟು ಹಾಗೇ ಆಯಿತು.

ಕುರ್ಚಿಗೂ ಬಿಸ್ಕಿಟ್ ಹಾಕಲೇ ಅಂತ ಕಾಕಾಗೆ ಕೇಳಿದೆ. ಅವರು ಮಾತಾಡಲಿಲ್ಲ. ಉಳಿ ತಗೊಂಡು ಕುರ್ಚಿಯ ಕಾಲಿನಲ್ಲಿ ಕುಳಿ ಕೊರೆಯೋಕೆ ಕೂತರು.