ಒಂದೇ ದಿನದಲ್ಲಿ ಇಡೀ ರಾಜಧಾನಿ ತೋರಿಸುತ್ತೇನೆ ಎನ್ನುವವರಿಗೆ ಮುಂಗಡ ಕೊಡಬೇಡಿ

ಕೊಪ್ಪಳಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಹಂಪಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೂ ಮೋಸ ಹೋದೆ. ದೂರದಿಂದ ಬಂದವರು ಮೋಸ ಹೋದರೆ ಜನ ಅಯ್ಯೋ ಎನ್ನುತ್ತಾರೆ, ಊರಿನವನೇ ಹೋದರೆ ನಗುತ್ತಾರೆ. ನಗಲಿ. ಮುಂದಿನ ತಿಂಗಳು ನೆಂಟರನ್ನು ಕರೆದುಕೊಂಡು ಹೊರಡುವ ಯೋಚನೆ ನಿಮಗಿದ್ದರೆ, ನಕ್ಕಾದ ಮೇಲೆ ಇದನ್ನು ಪೂರ್ತಿ ಓದಿ.

ನಮ್ಮ ಸೋದರಮಾವ ಮೈಸೂರಿನವರು, ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅತ್ತೆ, ಅವರ ಮಗಳು ಮತ್ತು ಏಳು ವರ್ಷದ ಮೊಮ್ಮಗನ ಜೊತೆ ಶ್ರಾವಣದಲ್ಲಿ ಬಂದಿದ್ದರು. ನನಗೆ ಸಿಕ್ಕಿದ್ದು ಶುಕ್ರವಾರ ಒಂದೇ ರಜೆ. ಪರಿಚಯದವರೊಬ್ಬರು ಕೊಟ್ಟ ಸಂಖ್ಯೆಗೆ ಫೋನ್ ಮಾಡಿದೆ. ಆ ಮನುಷ್ಯನ ಮಾತು ಬೆಣ್ಣೆಯಂತಿತ್ತು. ಬೆಳಗ್ಗೆ ಅಂಜನಾದ್ರಿ, ಆಮೇಲೆ ಆನೆಗೊಂದಿಯ ಹಳೆಯ ಮನೆಗಳು, ಹರಿಗೋಲಿನಲ್ಲಿ ಹೊಳೆ ದಾಟಿ ವಿಜಯ ವಿಠ್ಠಲ, ಕಮಲಾಪುರದ ವಸ್ತುಸಂಗ್ರಹಾಲಯ, ಸಂಜೆ ವಿರೂಪಾಕ್ಷನ ದರ್ಶನ. ಕಾರು ಸುತ್ತುಬಳಸಿ ಬಂದು ಆಚೆ ದಂಡೆಯಲ್ಲಿ ನಿಂತಿರುತ್ತದೆ, ಗೈಡ್ ಖರ್ಚೂ ಅದರಲ್ಲೇ. ಒಟ್ಟು ಆರೂವರೆ ಸಾವಿರ, ಮುಂಗಡ ನಾಲ್ಕು ಸಾವಿರ. ಅಲ್ಲಿಯೇ ಕಳಿಸಿಬಿಟ್ಟೆ.

ಈ ರಾಜಧಾನಿಯನ್ನು ಹೊಳೆ ಎರಡು ಪಾಲು ಮಾಡಿದೆ ಎಂಬುದನ್ನು ಹೊರಗಿನಿಂದ ಬಂದವರು ಮೊದಲು ಅರಿತಿರಬೇಕು. ಉತ್ತರ ದಂಡೆಯ ಆನೆಗೊಂದಿ, ಅಂಜನಾದ್ರಿ, ಪಂಪಾಸರೋವರ ನಮ್ಮ ಗಂಗಾವತಿ ತಾಲ್ಲೂಕಿನವು. ದಕ್ಷಿಣ ದಂಡೆಯ ಹಂಪಿ, ಕಮಲಾಪುರ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿವೆ. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಪ್ರಾಣ ಹೋಯಿತು. ಅದು ಮತ್ತೆ ಏಳಲಿಲ್ಲ. ಹಾಗಾಗಿ ವಾಹನಗಳು ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವಿನ ಸೇತುವೆಯ ಮೇಲೆ ಸುತ್ತಿ ಬರಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಟ್ಟೆ ಎಂಬುದೇ ಹೊಟ್ಟೆಯುರಿ.

ಅಂಜನಾದ್ರಿಯ ವಿಚಾರ ಹೆಚ್ಚು ಹೇಳುವುದಿಲ್ಲ. 575 ಮೆಟ್ಟಿಲು, ಶ್ರಾವಣದ ಜನಜಂಗುಳಿ, ಅತ್ತೆ ಅರ್ಧದಲ್ಲೇ ಕುಳಿತರು.

ಆನೆಗೊಂದಿಯಲ್ಲಿ ಗೈಡ್ ಎಂಬ ಆಸಾಮಿ ಕೂಡಿಕೊಂಡ. ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ. ಕೇಳಿದ್ದಕ್ಕೆ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದ. ಗಗನ ಮಹಲಿನ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಮುಂದೆಯೇ ನಿಲ್ಲಿಸಿ, ಇಲ್ಲಿಂದ ಹಂಪಿಯ ಕಮಲ ಮಹಲಿಗೆ ಹೊಳೆಯ ಅಡಿಯಲ್ಲಿ ಸುರಂಗವಿದೆ, ಅದರ ತುಂಬ ನಿಧಿಯಿದೆ ಎಂದು ಕಥೆ ಹೊಡೆದ. ಮೊಮ್ಮಗ ಬಾಯಿ ಬಿಟ್ಟುಕೊಂಡು ಕೇಳಿದ. ನನಗೆ ಮೈ ಉರಿಯಿತು. ಇದೇ ಊರಿನ ನವಬೃಂದಾವನ ನಡುಗಡ್ಡೆಯಲ್ಲಿ 2019ರ ಜುಲೈನಲ್ಲಿ ನಿಧಿಗಳ್ಳರು ವ್ಯಾಸರಾಜರ ಬೃಂದಾವನವನ್ನೇ ಒಡೆದು ಕೆಡವಿದ್ದರು. ಆ ಊರಿನಲ್ಲೇ ನಿಂತು ಮಗುವಿನ ಕಿವಿಗೆ ನಿಧಿಯ ಕಥೆ ತುಂಬುತ್ತಾನಲ್ಲ! ಸುರಂಗವಿದ್ದರೆ ನಮ್ಮನ್ನು ಅದರಲ್ಲೇ ಕರೆದೊಯ್ಯಬಹುದಿತ್ತು. ಮುಂದಿನ ಕಷ್ಟವಾದರೂ ತಪ್ಪುತ್ತಿತ್ತು.

ಆಮೇಲೆ ಹಳೆಯ ಮನೆ. ಕೆತ್ತನೆಯ ಬಾಗಿಲು, ಕಲ್ಲಿನ ಕಟ್ಟೆ, ಒಳಗೆ ಮರದ ಕಂಬಗಳ ಪಡಸಾಲೆ. "ಬನ್ನಿ, ಬನ್ನಿ, ನಮ್ಮವರದೇ" ಎಂದು ಸೀದಾ ಒಳಗೆ ನುಗ್ಗಿದ. ನಾವೂ ಹಿಂದೆಯೇ ನುಗ್ಗಿದೆವು. ನಾನು ಮೊಬೈಲ್ ತೆಗೆದು ಕಂಬದ ಚಿತ್ರ ಹಿಡಿಯುತ್ತಿದ್ದೆ. ಮೂಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ, "ಯಾರಪ್ಪ ನೀವು? ಇದು ನಮ್ಮ ಮನೆ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೈಡ್ ಆಗಲೇ ಬೀದಿಗೆ ಇಳಿದಿದ್ದ. ಮಾವ ಕೈಮುಗಿದು ಕ್ಷಮೆ ಕೇಳಿದರು. ಅಜ್ಜಿ ಮೊಮ್ಮಗನ ಕೈಗೆ ಬೆಲ್ಲದ ತುಂಡು ಕೊಟ್ಟು ಕಳಿಸಿದರು. ಆನೆಗೊಂದಿಯ ಹಳೆಯ ಮನೆಗಳನ್ನು ತೋರಿಸುತ್ತೇನೆ ಎಂದು ಯಾರಾದರೂ ಹೇಳಿದರೆ, ಯಾರ ಮನೆ, ಅವರಿಗೆ ತಿಳಿಸಿದ್ದೀರಾ ಎಂದು ಮೊದಲು ಕೇಳಿ. ಅಲ್ಲಿ ಜನ ಬದುಕುತ್ತಿದ್ದಾರೆ, ಅನ್ನ ಬೇಯಿಸುತ್ತಿದ್ದಾರೆ.

ಇನ್ನು ಹೊಳೆ. ಹಿಂದಿನ ದಿನ ಹೊಸಪೇಟೆಯ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಿದ್ದರು. ಅಷ್ಟು ನೀರು ಬಂದರೆ ಏನಾಗುತ್ತದೆ ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ನವಬೃಂದಾವನಕ್ಕೆ ದಾರಿ ಕಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ ಪ್ರವಾಸಿಗರನ್ನು ಹೆಲಿಕಾಪ್ಟರ್ ತರಿಸಿ ಎತ್ತಬೇಕಾಯಿತು. ನಾವು ಹೋದ ದಿನವೂ ಘಟ್ಟದಲ್ಲಿ ದೋಣಿ ನಿಲ್ಲಿಸಿದ್ದರು. ಅಂಬಿಗರು ಹರಿಗೋಲುಗಳನ್ನು ದಂಡೆಯ ಮೇಲೆ ಬೋರಲು ಹಾಕಿ ಮರದ ಕೆಳಗೆ ಕುಳಿತಿದ್ದರು. ಅದನ್ನು ಕಂಡಾದರೂ ನಾನು ಹಿಂದಿರುಗಬೇಕಿತ್ತು.

ಗೈಡ್ ನಮ್ಮನ್ನು ಸ್ವಲ್ಪ ಕೆಳಗೆ, ಬಂಡೆಗಳ ಮರೆಗೆ ಕರೆದೊಯ್ದ. ಅಲ್ಲೊಬ್ಬ ಹುಡುಗ, ಒಂದು ಹರಿಗೋಲು. ತಲೆಗೆ ಮುನ್ನೂರು, ಮುಂಗಡಕ್ಕೆ ಸೇರಿಲ್ಲವಂತೆ. ಜೀವರಕ್ಷಕ ಜಾಕೆಟ್ ಎಂದರೆ ನಕ್ಕ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಬುಟ್ಟಿಯಂಥ ದುಂಡು ದೋಣಿಗಳನ್ನು ಬಣ್ಣಿಸಿದ್ದಾನೆ. ಹೊರಗೆ ತೊಗಲು ಹೊದಿಸಿದ ಅವುಗಳಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಿದ್ದರಂತೆ. ಬಂಡೆಯ ಮೇಲೆ ನಿಂತು ನಾನು ಮಾವನಿಗೆ ಇದನ್ನು ಜಂಬದಿಂದ ಹೇಳುತ್ತಿದ್ದೆ ಎನ್ನುವುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಡುಹೊಳೆಯವರೆಗೆ ಚೆನ್ನಾಗಿಯೇ ಸಾಗಿದೆವು. ಅಲ್ಲಿ ಸೆಳವು ಹಿಡಿಯಿತು. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಸುತ್ತತೊಡಗಿದರೆ ಸುತ್ತುತ್ತಲೇ ಇರುತ್ತದೆ. ಹುಡುಗ ಹುಟ್ಟು ಹಾಕಿದಷ್ಟೂ ನಾವು ಕೆಳಕ್ಕೆ ಜಾರಿದೆವು. ಕಾಲ ಬುಡದಲ್ಲಿ ನೀರು ಏರುತ್ತಿತ್ತು. ಅತ್ತೆ ರಂಗನಾಥನನ್ನು ಕೂಗುತ್ತಿದ್ದರು, ಮೊಮ್ಮಗ ಆಟವೆಂದು ಚಪ್ಪಾಳೆ ತಟ್ಟುತ್ತಿದ್ದ. ಮಾವ ಒಂದು ಕೈಯಲ್ಲಿ ಅವನ ರಟ್ಟೆ ಹಿಡಿದು ಇನ್ನೊಂದರಲ್ಲಿ ಬಿದಿರಿನ ಅಂಚು ಹಿಡಿದಿದ್ದರು. ಸಂಜೆ ನೋಡಿದರೆ ಅಂಗೈಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೊನೆಗೆ ಆಚೆ ದಂಡೆಯ ಬಂಡೆಯೊಂದಕ್ಕೆ ಡಿಕ್ಕಿ ಹೊಡೆದು ನಿಂತೆವು. ಇಳಿಯಬೇಕಾದ ಘಟ್ಟ ಎಲ್ಲೋ ಮೇಲೆ ಉಳಿದಿತ್ತು. ಒದ್ದೆ ಬಟ್ಟೆಯಲ್ಲಿ ಬಂಡೆ ಹತ್ತಿ, ಮುಳ್ಳುಕಂಟಿ ಸರಿಸಿ ದಾರಿಗೆ ಬಂದೆವು.

ಕಾರು ಇರಲಿಲ್ಲ. ಚಾಲಕನಿಗೆ ಫೋನ್ ಮಾಡಿದರೆ ಅವನು ಆನೆಗೊಂದಿಯಲ್ಲೇ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದ. ದೋಣಿ ಬಂದ್ ಆಗಿದೆ, ಅವರು ಹಿಂದಕ್ಕೆ ಬರುತ್ತಾರೆ, ನೀನು ಅಲ್ಲೇ ಇರು, ಸುಮ್ಮನೆ ಡೀಸೆಲ್ ಸುಡಬೇಡ ಎಂದು ಅವನ ಯಜಮಾನ ಹೇಳಿದ್ದನಂತೆ. ಗೈಡ್‌ಗೆ ಒಂದು ಹೇಳಿ ಚಾಲಕನಿಗೆ ಇನ್ನೊಂದು ಹೇಳಿದ್ದ. ಅತ್ತೆಯ ರಕ್ತದೊತ್ತಡದ ಮಾತ್ರೆ, ಊಟದ ಬುತ್ತಿ, ಬದಲಿ ಬಟ್ಟೆ ಎಲ್ಲವೂ ಹೊಳೆಯ ಆಚೆ. ಯಜಮಾನನ ಫೋನ್ ಸ್ವಿಚ್ ಆಫ್.

ವಿಠ್ಠಲ ದೇವಾಲಯದಲ್ಲಿ ಕಲ್ಲಿನ ರಥದ ಮುಂದೆ ನಿಂತು ಒದ್ದೆ ಮುಖದಲ್ಲೇ ಚಿತ್ರ ತೆಗೆಸಿಕೊಂಡೆವು. ಮಾವನಿಗೆ ಅದರ ಮೇಲೆ ಅಂಥ ಮನಸ್ಸಿರಲಿಲ್ಲ. ಅವರು ಬಂದಿದ್ದೇ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ. ಅದರ ಅಂಗಳದಲ್ಲಿ ಇಡೀ ರಾಜಧಾನಿಯ ಮಾದರಿಯಿದೆ. ಬೆಟ್ಟ, ಹೊಳೆ, ಕೋಟೆಗೋಡೆ, ಗುಡಿಗಳು ಎಲ್ಲವನ್ನೂ ನಿಂತಲ್ಲೇ ನೋಡಬಹುದು. ಮೂವತ್ತು ವರ್ಷ ಸರಪಳಿ ಹಿಡಿದು ಹೊಲ ಅಳೆದವರಿಗೆ ಅದು ಗುಡಿಗಿಂತ ದೊಡ್ಡದು. ಒಂದೇ ದಿನಕ್ಕೆ ವಿಠ್ಠಲ ದೇವಾಲಯ, ರಾಣಿವಾಸದ ಆವರಣ, ವಸ್ತುಸಂಗ್ರಹಾಲಯ ಮೂರಕ್ಕೂ ನಡೆಯುವ ಟಿಕೆಟನ್ನು ಜೋಪಾನವಾಗಿ ಕಿಸೆಯಲ್ಲಿ ಇಟ್ಟುಕೊಂಡು, ಆಟೋ ಹಿಡಿದು ಕಮಲಾಪುರ ಮುಟ್ಟಿದರು.

ಗೇಟಿಗೆ ಬೀಗ. ಶುಕ್ರವಾರ ರಜೆ.

ವಾರಕ್ಕೊಂದು ರಜೆ ಇರುವುದು ತಪ್ಪಲ್ಲ, ಅದು ಅಲ್ಲಿನ ಫಲಕದಲ್ಲೇ ಇದೆ. ಶುಕ್ರವಾರ ಎಂದು ನಾನು ಬಾಯಿಬಿಟ್ಟು ಹೇಳಿದ ಮೇಲೂ ಆ ಮನುಷ್ಯ ವಸ್ತುಸಂಗ್ರಹಾಲಯವನ್ನು ಪಟ್ಟಿಯಲ್ಲಿ ಸೇರಿಸಿದ್ದನಲ್ಲ, ಅದಕ್ಕೆ ಏನೆನ್ನಬೇಕು? ಮಾವ ಗೇಟಿನ ಸರಳುಗಳ ನಡುವೆ ಇಣುಕಿ ನೋಡಿ, "ಇರಲಿ ಬಿಡು" ಎಂದರು. ಆಟೋದಲ್ಲಿ ಹೊಸಪೇಟೆ, ಅಲ್ಲಿ ಮಾತ್ರೆ ಕೊಂಡು ಬಸ್ಸಿನಲ್ಲಿ ಕೊಪ್ಪಳ. ವಿರೂಪಾಕ್ಷನ ಗೋಪುರವನ್ನೂ ನೋಡಲಾಗಲಿಲ್ಲ. ಸಾಮಾನು ಹೊತ್ತ ಕಾರು ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು.

ಈಗ ನನ್ನನ್ನು ಕೇಳಿದವರಿಗೆ ಎರಡು ದಂಡೆಗೆ ಎರಡು ದಿನ ಇಟ್ಟುಕೊಳ್ಳಿ ಎನ್ನುತ್ತೇನೆ. ಹಂಪಿಯ ದಿನ ಶುಕ್ರವಾರ ಬೇಡ. ಮಳೆಗಾಲದಲ್ಲಿ ಜಲಾಶಯದ ಹೊರಹರಿವು ಎಷ್ಟೆಂದು ಬೆಳಗಿನ ಪತ್ರಿಕೆಯಲ್ಲಿ ನೋಡಿಯೇ ಹೊರಡಿ. ಅಂಬಿಗರು ಹರಿಗೋಲು ಬೋರಲು ಹಾಕಿದ್ದರೆ ಮರುಮಾತಿಲ್ಲದೆ ಕಾರು ಹತ್ತಿ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇಲ್ಲದ ಗೈಡ್ ಎಷ್ಟು ಅಗ್ಗಕ್ಕೆ ಬಂದರೂ ಬೇಡ. ಹಣವನ್ನು ಎಲ್ಲ ಮುಗಿದ ಮೇಲೆ ಕೊಡಿ.

ಬಾಕಿ ಎರಡೂವರೆ ಸಾವಿರವನ್ನು ನಾನು ಕೊಟ್ಟಿಲ್ಲ, ಮುಂಗಡದ ನಾಲ್ಕು ಸಾವಿರವನ್ನು ಅವನು ಕೊಟ್ಟಿಲ್ಲ. ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಎತ್ತಿದ ದಿನ, "ಹೊಳೆ ಇಳಿಯಲಿ ಸರ್, ಇನ್ನೊಮ್ಮೆ ಕರೆದುಕೊಂಡು ಹೋಗುತ್ತೇನೆ" ಎನ್ನುತ್ತಾನೆ.